ಅಳಿಸಿಹೋದ ‘ಬೇಡ’

“ಆ ಒಂದು ತುಣುಕಿಗೆ ಮಾತ್ರ ಕೈ ಹಾಕ್ಬೇಡಪ್ಪ,” ಎಂದ ಹಳೇ ಸಂಕಲನಕಾರ ಕತ್ತರಿಯಣ್ಣ, ಕೆಲಸಕ್ಕೆ ಸೇರಿದ್ದ ಹೊಸಬನಿಗೆ.

ಕಿಟಕಿಯಿಲ್ಲದ ಆ ಕೋಣೆಯಲ್ಲಿ ನೀಲಿಚಿತ್ರಗಳ ಸಂಕಲನವೇ ಅವರಿಬ್ಬರ ಕಸುಬು. ಚಿತ್ರದ ಹೆಂಗಸು ನೋವಿಗೋ ಭಯಕ್ಕೋ ‘ಬೇಡ’ ಎಂದುಬಿಟ್ಟರೆ ಆ ಸದ್ದನ್ನು ಅಳಿಸಿ, ಅಲ್ಲಿ ಸಂಗೀತ ತುಂಬಬೇಕು. ನೋಡುವವರ ಮಜಾ ಕೆಡಬಾರದಲ್ಲ! ಹೊಸಬ ಮೊದಮೊದಲು ಮುಖ ತಿರುಗಿಸಿಕೊಂಡು ಅಳಿಸುತ್ತಿದ್ದ. ಬರಬರುತ್ತಾ ಅದೂ ನೀರು ಕುಡಿದಷ್ಟು ಸಲೀಸಾಯಿತು.

“ಆ ತುಣುಕಲ್ಲಿರೋ ಹೆಂಗಸು ಶೂಟಿಂಗ್ ಮುಗಿಸಿ ಹೋಗೋವಾಗ ತನ್ನ ಕೂದಲು ಕಿತ್ತು ಮೈಕಿಗೆ ಸುತ್ತಿ, ಏನೋ ಮಣಮಣ ಅಂದು ಹೋದ್ಲು. ಅವಳ ‘ಬೇಡ’ ಅಳಿಸಿದವನಿಗೆ ಆಮೇಲೆ ಯಾರ ‘ಬೇಡ’ವೂ ಕೇಳಿಸಲ್ಲ. ನಿನ್ನ ಕುರ್ಚಿಲಿ ಕೂತಿದ್ದವನು ಅದನ್ನ ಅಳಿಸಿ, ಈಗ ಹೆಂಗಸೊಬ್ಬಳ ಕೇಸಲ್ಲಿ ಜೈಲಲ್ಲಿದಾನೆ.”

“ಮಾಟಕ್ಕೂ ಮೈಕ್ ಬೇಕಾಯ್ತಾ ಅಣ್ಣಾ?” ಹೊಸಬ ನಕ್ಕ. “ಅವನು ಲಫಂಗ, ಹೋದ. ನಾನು ಬರೀ ನೋಡೋನು.”

ಕತ್ತರಿಯಣ್ಣ ಊಟಕ್ಕೆದ್ದದ್ದೇ ತಡ, ಹೊಸಬ ಆ ತುಣುಕಿನ ಮೂಲಪ್ರತಿಯನ್ನು ತೆರೆದ. ಅವಳು ಕಿರುಚಲಿಲ್ಲ. ಕ್ಯಾಮೆರಾವನ್ನೇ ದಿಟ್ಟಿಸಿ ಮೆಲ್ಲಗೆ “ಬೇಡ” ಎಂದಳು. ಅವನು ಅಳಿಸಿದ. ಸುಟ್ಟ ಕೂದಲಿನ ಕಮಟು ಮೂಗಿಗೆ ಅಡರಿತು. ಕಂಪ್ಯೂಟರ್ ಬಿಸಿಯಾಗಿರಬೇಕು ಅಂದುಕೊಂಡು ಫ್ಯಾನ್ ಜೋರು ಮಾಡಿದ.

ಸಂಜೆ ಮನೆಯಲ್ಲಿ ಹೆಂಡತಿ ಜ್ವರದಿಂದ ಮಲಗಿದ್ದಳು. ದೀಪ ಹಾಕಿರಲಿಲ್ಲ, ಬೀದಿದೀಪದ ಬೆಳಕಷ್ಟೇ ಅವಳ ಮುಖದ ಮೇಲಿತ್ತು. ಅವನು ಪಕ್ಕದಲ್ಲಿ ಮಲಗಿ, ಅವಳನ್ನು ತನ್ನತ್ತ ಎಳೆದುಕೊಂಡ.

“ಮೈಯೆಲ್ಲ ನೋವು ಕಣ್ರೀ,” ಎಂದಳು. ಅದು ಕೇಳಿಸಿತು. ಆಮೇಲೆ ತುಟಿ ಅಲುಗಿತು. ಸದ್ದಿಲ್ಲ. ಮತ್ತೆ ಅಲುಗಿತು. ಸದ್ದೇ ಇಲ್ಲ. ಅರೆಗತ್ತಲಲ್ಲಿ ಅದೇ ಕಮಟು. ಕತ್ತರಿಯಣ್ಣನ ಮಾತು ನೆನಪಾಯಿತು. ಅವಳ ಕೈ ಅವನನ್ನು ನೂಕುತ್ತಿತ್ತು. ಕೆನ್ನೆ ಒದ್ದೆಯಾಗಿತ್ತು. ಇಂಥ ಮುಖಗಳನ್ನು ಅವನು ದಿನಾ ನೋಡುತ್ತಿದ್ದ. ದಿನಾ ದಾಟಿ ಮುಂದೆ ಹೋಗುತ್ತಿದ್ದ.

ಅವನು ನಿಲ್ಲಲಿಲ್ಲ.

ಎಲ್ಲ ಮುಗಿದ ಮೇಲೆ ದೀಪ ಹಾಕಿ, ಅವಳ ಕಾಲ ಬಳಿ ಕುಸಿದ. ಮೈಕು, ಕೂದಲು, ಮಾಟ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. “ದೇವರಾಣೆ ಕಣೇ, ನಂಗೆ ಕೇಳಿಸ್ಲೇ ಇಲ್ಲ!”

ಅವಳು ಗೋಡೆ ಹಿಡಿದು ಎದ್ದು ನಿಂತಳು.

“ಕೇಳಿಸ್ಲಿಲ್ಲ, ಸರಿ. ನಾನು ಅಳ್ತಿದ್ದೆ. ಅದು ಕಾಣಿಸ್ಲಿಲ್ವಾ?”

ಕಂಡಿತ್ತು. ಅವಳು ಚಪ್ಪಲಿ ಮೆಟ್ಟಿಕೊಂಡು ಪೊಲೀಸ್ ಠಾಣೆಯ ದಾರಿ ಹಿಡಿದಳು.