ಹತ್ತೊಂಬತ್ತನೇ ಮೈಲಿಯ ಮೊಳೆ

"ಮೂವತ್ಮೂರು ವರ್ಷ ಮನೆಮನೆಗೆ ಅಂಚೆ ಹಂಚಿದೋನು ಕಣಯ್ಯಾ ನನ್ ಗಂಡ! ಒಂದೇ ಒಂದು ಕಾಗದ ತಪ್ಪು ಡಬ್ಬಕ್ಕೆ ಹಾಕ್ದೋನಲ್ಲ. ಅವನು ದಾರಿ ತಪ್ಪಿದ ಅಂತೀಯಾ? ನಿನ್ ಬಾಯಿಗೆ ಮಣ್ಣು ಬೀಳ!"

"ನದೀನ್, ಕೂಗಾಡ್ಬೇಡಿ. ಅರವತ್ತೊಂದು ವಯಸ್ಸು, ಆ ಬಿಸಿಲು. ತಲೆ ತಿರುಗಿ ಎತ್ಲಾಗೋ ಹೋಗಿರ್ತಾನೆ. ತಿರುವಿನಲ್ಲಿ ಬಾಣದ ಗುರುತು ಬಲಕ್ಕಿತ್ತು, ನಾನೇ ಕಣ್ಣಾರೆ ನೋಡಿದೀನಿ."

"ಯಾವಾಗ ನೋಡ್ದೆ? ಹೆಣ ಸಿಕ್ಕಿದ ಮೇಲಾ?"

2019ರ ಅಕ್ಟೋಬರ್ 7, ಸೋಮವಾರ, ಬೆಳಗ್ಗೆ 9.20. ಟೆನೆಸಿ ರಾಜ್ಯದ ಡನ್‌ಮೋರ್ ಕೌಂಟಿಯ ಶೆರಿಫ್ ಠಾಣೆ. ಕೂಗುತ್ತಿದ್ದವಳು ನದೀನ್ ಹಾಪ್‌ಗುಡ್. ಎದುರಿಗೆ ಬೆವರು ಒರೆಸಿಕೊಳ್ಳುತ್ತಿದ್ದವನು ಟಾಡ್ ಬ್ಲೆವಿನ್ಸ್, ಊರಿನ ಮ್ಯಾರಥಾನ್ ಸಮಿತಿಯ ಅಧ್ಯಕ್ಷ. ಇಬ್ಬರ ನಡುವೆ ಸಾರ್ಜೆಂಟ್ ವೆಂಡೆಲ್ ಕ್ರೌಚ್ ನಿಂತಿದ್ದ.

"ಬ್ಲೆವಿನ್ಸ್, ನೀನು ಆಚೆ ಬೆಂಚಿನ ಮೇಲೆ ಕೂತ್ಕೋ," ಎಂದ ಕ್ರೌಚ್. "ಅಮ್ಮಾ, ನೀವು ಹೇಳಿ. ಡೆಪ್ಯೂಟಿ ಬರ್ಕೋತಾಳೆ."

ಡೆಪ್ಯೂಟಿ ಕೊರೆಟಾ ಮಿಮ್ಸ್ ದೂರು ಬರೆದುಕೊಂಡಳು. ಶನಿವಾರ ಬೆಳಗ್ಗೆ ಏಳು ಗಂಟೆಗೆ, ಪ್ರತಿ ವರ್ಷದಂತೆ ಹಳೆಯ ಸಿಪಾಯಿಗಳ ವೇಷ ಹಾಕಿದವರು ತೋಪು ಹಾರಿಸಿ, ಯುದ್ಧಭೂಮಿಯ ಉದ್ಯಾನದಲ್ಲಿ ಓಟ ಶುರುವಾಯಿತು. ಓಡಿದವರು ನೂರ ಮೂವತ್ತೆರಡು ಜನ. ರಸ್ಸೆಲ್ ಹಾಪ್‌ಗುಡ್‌ಗೆ ಅದು ಮೊದಲ ಮ್ಯಾರಥಾನ್. ನಿವೃತ್ತನಾದ ಮೇಲೆ ಎರಡು ವರ್ಷ ಅದಕ್ಕಾಗಿಯೇ ಓಡಿದ್ದ. ನಿಧಾನಿ. ಎಲ್ಲರಿಗಿಂತ ಹಿಂದಿದ್ದ.

"ಫೋನ್ ನನ್ ಕೈಗೆ ಕೊಟ್ಟಿದ್ದ," ಎಂದಳು ನದೀನ್. "ಗೆರೆ ದಾಟುವಾಗ ಫೋಟೋ ತೆಗೀಬೇಕು ಅಂತ. ಒಂದೂ ಕಾಲಿಗೆ ಈ ಬ್ಲೆವಿನ್ಸ್‌ನ ಕೇಳ್ದೆ, ನನ್ ಗಂಡ ಎಲ್ಲಪ್ಪಾ ಅಂತ. 'ಕೊನೇ ಗಾಡಿ ದಾರಿಯೆಲ್ಲಾ ನೋಡ್ಕೊಂಡು ಬಂತು, ಯಾರೂ ಉಳಿದಿಲ್ಲ. ಸುಸ್ತಾಗಿ ಯಾರದ್ದೋ ಕಾರು ಹತ್ತಿ ಮನೆಗೆ ಹೋಗಿರ್ತಾನೆ' ಅಂದ. ನಾನು ಮನೆಗೆ ಹೋಗಿ ಬಾಗಿಲು ನೋಡ್ಕೊಂಡು ಬಂದೆ. ಅಷ್ಟೊತ್ತಿಗೆ ಹೆಣ ಸಿಕ್ಕಿತ್ತು."

ತೊರೆಯ ರಸ್ತೆಯಲ್ಲಿ ಮೀನು ಹಿಡಿಯಲು ಹೋದವನೊಬ್ಬ 2.50ಕ್ಕೆ ದೇಹವನ್ನು ಕಂಡಿದ್ದ. ಓಟದ ದಾರಿ ಅದಲ್ಲ. ನಕ್ಷೆಯ ಪ್ರಕಾರ ಹದಿನೆಂಟನೇ ಮೈಲಿ ಕಳೆದ ಮೇಲೆ ಓಟಗಾರರು ಬಲಕ್ಕೆ ತಿರುಗಿ, ಹಾಲಿಸ್ ಹೊಲ ಎಂಬ ಬಯಲನ್ನು ದಾಟಿ, ಹೆದ್ದಾರಿ ಸೇರಬೇಕು. ರಸ್ಸೆಲ್ ನೇರ ಹೋಗಿದ್ದ. ವೈದ್ಯರ ವರದಿ ಎರಡೇ ಸಾಲು: ಬಿಸಿಲಿನ ಹೊಡೆತ, ದೇಹದಲ್ಲಿ ನೀರಿಲ್ಲ. ಅರ್ಧ ಗಂಟೆಯೊಳಗೆ ಯಾರಾದರೂ ಸಿಕ್ಕಿದ್ದರೆ ಬದುಕುತ್ತಿದ್ದ.

ನದೀನ್ ಚೀಲದಿಂದ ಗಂಡನ ಕೈಗಡಿಯಾರ ತೆಗೆದಿಟ್ಟಳು. ಓಡುವವರು ಕಟ್ಟಿಕೊಳ್ಳುವಂಥದ್ದು. ಹೋದ ದಾರಿ, ಬಡಿದ ನಾಡಿ, ಎಲ್ಲ ಅದರಲ್ಲಿರುತ್ತದೆ.

"11.52ಕ್ಕೆ ನಿಂತಿದಾನೆ. ಎದೆ ನಿಂತಿದ್ದು 1.05ಕ್ಕೆ. ಒಂದು ಗಂಟೆ ಹದಿಮೂರು ನಿಮಿಷ ಸಾರ್ಜೆಂಟ್. ಅಷ್ಟು ಹೊತ್ತು ಯಾರೂ ಯಾಕೆ ಬರ್ಲಿಲ್ಲ? ನಂಗೆ ಅದೊಂದೇ ಬೇಕು. ಪರಿಹಾರ ಬೇಡ, ಹೂವು ಬೇಡ. ಯಾಕೆ ಬರ್ಲಿಲ್ಲ, ಯಾರಿಂದ ಹೀಗಾಯ್ತು, ಅದನ್ನ ಹೇಳಿ."

ಅಸಹಜ ಸಾವು ಎಂದು ದೂರು ದಾಖಲಾಯಿತು. ಸಮಯ 10.05.

ಮೊದಲು ಕೊನೇ ಗಾಡಿಯ ಚಾಲಕನನ್ನು ಕರೆಸಿದರು. ಕೊನೆಯ ಓಟಗಾರನ ಹಿಂದೆ ದಾರಿ ಗುಡಿಸಿಕೊಂಡು ಬರುವುದು ಆ ಪಿಕಪ್‌ನ ಕೆಲಸ. ಚಾಲಕ ಟೋಪಿ ಕೈಯಲ್ಲಿ ಹಿಡಿದು ನಿಂತ.

"ಎಷ್ಟು ಹೊತ್ತಿಗೆ ಹೊರಟೆ?"

"ಹನ್ನೊಂದೂವರೆಗೆ."

"ಕೊನೆಯವನ ಬೆನ್ನ ಹಿಂದೆ ಇರ್ಬೇಕಲ್ವಾ?"

"ಇರ್ಬೇಕು. ಆದ್ರೆ ನಡೆಯೋರ ಹಿಂದೆ ನಾಲ್ಕು ಗಂಟೆ ಗಾಡಿ ತೆವಳಿಸೋಕೆ ಯಾರಿಗಾಗುತ್ತೆ ಸರ್? ನಾವು ಯಾವಾಗ್ಲೂ ಹನ್ನೊಂದೂವರೆಗೆ ಹೊರಡೋದು."

"ತಿರುವಿನಲ್ಲಿ ಬಾಣ ಎತ್ತ ಕಡೆ ಇತ್ತು?"

ಚಾಲಕ ಟೋಪಿಯ ಅಂಚು ಮಡಚಿದ.

"ನೋಡ್ಲಿಲ್ಲ," ಎಂದ. "ಹನ್ನೆರಡು ವರ್ಷದಿಂದ ಹೋಗೋ ದಾರಿ. ಬಾಣ ಏನು ನೋಡೋದು? ಬಲಕ್ಕೆ ತಿರುಗಿದೆ. ಹೊಲದಲ್ಲಿ ನೀರಿನ ಮೇಜಿನ ಹತ್ರ ಮಿಸ್ ವೆರ್ನೆಲ್ ಕೂತಿದ್ರು. ಯಾರಾದ್ರೂ ಇದಾರಾ ಅಂದೆ. ಇಲ್ಲಿ ಯಾರೂ ಇಲ್ಲ ಅಂದ್ರು. ಮುಂದೆ ಹೋದೆ."

"ಎಷ್ಟು ಹೊತ್ತಿಗೆ?"

"ಹನ್ನೆರಡೂ ಇಪ್ಪತ್ತು."

ಆ ಹೊತ್ತಿಗೆ ರಸ್ಸೆಲ್ ಹೊಲದಂಚಿನ ಕಾಡಿನ ಆಚೆ, ಆ ಮೇಜಿನಿಂದ ಇನ್ನೂರು ಗಜ ದೂರದಲ್ಲಿ, ಬದುಕಿದ್ದ. ಕ್ರೌಚ್ ಪೆನ್ನು ಎಸೆದ. "ಹೋಗು ಆಚೆ!" ಎಂದು ಗದರಿದ. ಚಾಲಕ ಹೋದ. ಅವನಿಗೆ ಶಿಕ್ಷೆ ಕೊಡುವ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ.

ಮಧ್ಯಾಹ್ನ ಮಿಮ್ಸ್ ಫೋನ್ ಹಿಡಿದು ಕೂತಳು. ಓಟ ಮುಗಿಸಿದವರ ಪಟ್ಟಿ ಸಮಿತಿಯಿಂದ ಬಂದಿತ್ತು. ಒಬ್ಬೊಬ್ಬರಿಗೂ ಅದೇ ಪ್ರಶ್ನೆ: ನಿಮ್ಮ ಗಡಿಯಾರದಲ್ಲಿ ದಾರಿ ಹೇಗಿದೆ ನೋಡಿ. ಸಂಜೆ 4.30ಕ್ಕೆ ಅವಳು ಸಾರ್ಜೆಂಟನ ಮೇಜಿಗೆ ಬಂದಳು.

"ಸರ್, ಇಪ್ಪತ್ತಾರು ಜನ ಸಿಕ್ಕಿದ್ರು. ಇಪ್ಪತ್ತಾರೂ ಜನ ತೊರೆಯ ರಸ್ತೆಯಲ್ಲೇ ಹೋಗಿದಾರೆ. ಒಬ್ಬರೂ ಹೊಲಕ್ಕೆ ಕಾಲಿಟ್ಟಿಲ್ಲ. ಒಬ್ಬ ಹೇಳ್ತಾನೆ, ಈ ಸಲ ದಾರಿ ಬದಲಾಯ್ಸಿದ್ದು ಒಳ್ಳೇದಾಯ್ತು, ನೆರಳಿತ್ತು ಅಂತ."

"ಅಂದ್ರೆ ರಸ್ಸೆಲ್ ದಾರಿ ತಪ್ಪಲಿಲ್ಲ."

"ಇಲ್ಲ ಸರ್. ಎಲ್ಲರ ದಾರೀಲೇ ಹೋಗಿದಾರೆ. ನೀರಿನ ಮೇಜು ಹೊಲದಲ್ಲಿ, ಜನ ತೊರೆ ಹತ್ರ. ಸೇತುವೆ ಮೇಲೆ ಎರಡು ಡಬ್ಬ ನೀರು, ಲೋಟ ಇತ್ತಂತೆ. ಹಿಂದಿನವರು ಬರೋ ಹೊತ್ತಿಗೆ ಖಾಲಿ. ಮುಂದಿನೋರು ತಲೆ ಮೇಲೆ ಸುರ್ಕೊಂಡು ಹೋಗಿದಾರೆ."

ಬ್ಲೆವಿನ್ಸ್‌ನನ್ನು ಮತ್ತೆ ಕರೆಸಿದರು. ಅವನು ನಂಬಲೇ ಇಲ್ಲ.

"ಸಾಧ್ಯವೇ ಇಲ್ಲ. ತೊರೆಯ ರಸ್ತೆ ಸುತ್ತು. ಅದ್ರಲ್ಲಿ ಹೋದ್ರೆ ದೂರ ಜಾಸ್ತಿ ಆಗುತ್ತೆ, ಓಟಗಾರರು ನನ್ ಕತ್ತು ಹಿಸುಕ್ತಿದ್ರು. ಒಬ್ಬನಾದ್ರೂ ದೂರ ಜಾಸ್ತಿ ಅಂತ ಬೈದ್ನಾ? ಇಲ್ಲ. ನಮ್ಮದು ಅಳತೆಗೆ ಸರ್ಟಿಫಿಕೇಟ್ ಇರೋ ದಾರಿ ಸಾರ್ಜೆಂಟ್. ಇಲ್ಲಿ ಓಡಿದ ಸಮಯ ದೊಡ್ಡ ಓಟಗಳಿಗೆ ಲೆಕ್ಕಕ್ಕೆ ಬರುತ್ತೆ. ಅದಿಲ್ದಿದ್ರೆ ಈ ಕೊಂಪೆಗೆ ಯಾರು ಬರ್ತಾರೆ?"

"ಒಬ್ಬ ಸತ್ತಿದಾನೆ ಕಣೋ," ಎಂದ ಕ್ರೌಚ್. "ನಿಂಗೆ ಸರ್ಟಿಫಿಕೇಟ್ ಚಿಂತೆ."

ಅಕ್ಟೋಬರ್ 8, ಮಂಗಳವಾರ, ಬೆಳಗ್ಗೆ 7.30. ಉದ್ಯಾನದಲ್ಲಿ ಸ್ಥಳ ಮಹಜರು. ಅಪಘಾತದ ಜಾಗ ಅಳೆಯುವ ಚಕ್ರವನ್ನು ಮಿಮ್ಸ್ ತಳ್ಳಿದಳು, ಕ್ರೌಚ್ ಬರೆದುಕೊಂಡ. ಹೊಲದ ದಾರಿಯನ್ನೊಮ್ಮೆ, ತೊರೆಯ ದಾರಿಯನ್ನೊಮ್ಮೆ ಅಳೆದರು. ತೊರೆಯ ದಾರಿ ಏಳುನೂರ ನಾಲ್ಕು ಗಜ ಹೆಚ್ಚು ಉದ್ದ. ಆಮೇಲೆ ಹೆದ್ದಾರಿಗೆ ಹೋದರು. ಓಟಗಾರರು ಒಂದು ಪ್ಲಾಸ್ಟಿಕ್ ಕೋನ್ ಸುತ್ತಿ ವಾಪಸ್ ತಿರುಗುವ ಜಾಗ ಅಲ್ಲಿದೆ. ದಾರಿಯುದ್ದಕ್ಕೂ ಮೈಲಿಗೊಂದು ಮೊಳೆ ಹೊಡೆದಿರುವಂತೆ, ಕೋನ್ ಎಲ್ಲಿಡಬೇಕೆಂದು ತಿಳಿಯಲು ಇಲ್ಲಿ ಡಾಂಬರಿನಲ್ಲೂ ಮೊಳೆ ಹೊಡೆದಿರುತ್ತಾರೆ. ಹಳೆಯ ಮೊಳೆ ತುಕ್ಕು ಹಿಡಿದಿತ್ತು. ಅಲ್ಲಿಂದ ಹಿಂದೆ ಬಂದಾಗ ಇನ್ನೊಂದು ಮೊಳೆ ಸಿಕ್ಕಿತು. ಹೊಸದು. ಸುತ್ತ ನೀಲಿ ಬಣ್ಣದ ಉಂಗುರ.

"ಎಷ್ಟು?" ಎಂದ ಕ್ರೌಚ್.

"ಮುನ್ನೂರ ಐವತ್ತೆರಡು ಗಜ ಈಚೆ."

ಹೋಗುತ್ತಾ ಒಂದು ಸಲ, ಬರುತ್ತಾ ಒಂದು ಸಲ. ಏಳುನೂರ ನಾಲ್ಕು. ಅಲ್ಲಿ ಹೆಚ್ಚಿದ್ದನ್ನು ಇಲ್ಲಿ ಕಳೆದಿದ್ದರು. ಅದಕ್ಕೇ ಯಾರ ಗಡಿಯಾರವೂ ತಕರಾರು ಮಾಡಲಿಲ್ಲ.

"ಇದು ಪುಂಡರ ಕೆಲಸ ಅಲ್ಲ," ಎಂದ ಕ್ರೌಚ್. "ಕುಡ್ದು ಬಾಣ ತಿರುಗಿಸೋನು ಗಜ ಲೆಕ್ಕ ಹಾಕಲ್ಲ. ಯಾರು ಹೀಗೆ ಮೊಳೆ ಹೊಡೀತಾರೆ?"

ಮಿಮ್ಸ್ ರಸ್ತೆಯಲ್ಲಿ ಮಂಡಿಯೂರಿ ಆ ನೀಲಿ ಉಂಗುರವನ್ನೇ ನೋಡುತ್ತಿದ್ದಳು.

"ಮಿಮ್ಸ್. ಕಿವಿ ಕೇಳಲ್ವಾ?"

"ಕೌಂಟಿಯ ರಸ್ತೆ ಇಲಾಖೆಯೋರು ಸರ್. ಹಳಬರು. ನೀಲಿ ಬಣ್ಣ ಹಾಕ್ತಿದ್ದೋರು ಒಬ್ಬರೇ." ಅವಳು ಎದ್ದು ಮಂಡಿಯ ಧೂಳು ಕೊಡವಿದಳು. "ಹನ್ನೆರಡು ವರ್ಷದ ಕೆಳಗೆ ಈ ದಾರೀನ ಸೈಕಲ್ ಮೇಲೆ ಅಳೆದು ಸರ್ಟಿಫಿಕೇಟ್ ತಂದುಕೊಟ್ಟೋರೂ ಅವರೇ. ಭಾನುವಾರ ಚರ್ಚಿನಲ್ಲಿ ನಂಗೆ ಲೆಕ್ಕ ಹೇಳಿಕೊಟ್ಟೋರು. ಮಿಸ್ ವೆರ್ನೆಲ್ ಟಿಗ್ಸ್."

"ಹೊಲದಲ್ಲಿ ಕೂತಿದ್ದವಳು."

"ಹೌದು ಸರ್."

"ನೀನು ಬರ್ದೇ ಇರ್ಬಹುದು. ಬೇರೆಯೋರನ್ನ ಕರ್ಕೊಂಡು ಹೋಗ್ತೀನಿ."

"ಬರ್ತೀನಿ," ಎಂದಳು ಮಿಮ್ಸ್.

ಬೆಳಗ್ಗೆ 11.10. ವೆರ್ನೆಲ್ ಟಿಗ್ಸ್‌ಗೆ ಎಪ್ಪತ್ತೆರಡು ವರ್ಷ. ಜಗಲಿಯಲ್ಲಿ ಸೈಕಲ್ ಒರಗಿತ್ತು. ಮುಂದಿನ ಚಕ್ರದಲ್ಲಿ ಸುತ್ತು ಎಣಿಸುವ ಪುಟ್ಟ ಯಂತ್ರ. ಅವಳು ಬಾಗಿಲು ತೆರೆದೇ ಇಟ್ಟಿದ್ದಳು. ಕರಿಯ ಉಡುಪು ಹಾಕಿ, ಟೋಪಿ ಇಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ನಿನ್ನೇನೇ ಬರ್ತೀರಿ ಅಂದ್ಕೊಂಡಿದ್ದೆ," ಎಂದಳು. "ನಿನ್ನೆಯೂ ಹೀಗೇ ತಯಾರಾಗಿ ಕೂತಿದ್ದೆ. ಕೊರೆಟಾ, ನೀನ್ಯಾಕೆ ಬಂದೆ ಮಗಳೇ? ಬೇರೆ ಯಾರೂ ಇರ್ಲಿಲ್ವಾ?"

ಮಿಮ್ಸ್ ಗೋಡೆ ನೋಡಿದಳು. ಕ್ರೌಚ್ ಹಕ್ಕುಗಳನ್ನು ಓದಿ ಹೇಳಿದ. ವಕೀಲರು ಬೇಕೇ ಎಂದು ಕೇಳಿದ. ಬೇಡವೆಂದಳು.

"ಬಾಣ ನೀವು ತಿರುಗಿಸಿದ್ದಾ?"

"ನಾನೇ. ಶನಿವಾರ ಬೆಳಗ್ಗೆ ಐದಕ್ಕೆ. ಕೋನನ್ನೂ ಹೊಸ ಮೊಳೆಗೆ ತಂದಿಟ್ಟೆ. ಬಾಣಾನ ಮಧ್ಯಾಹ್ನ ಒಂದು ಗಂಟೆಗೆ ಮತ್ತೆ ಸರಿ ಮಾಡ್ದೆ."

"ಸೇತುವೆ ಮೇಲಿನ ನೀರು?"

"ಅದೂ ನಂದೇ. ಸ್ವಲ್ಪ ಹೆಚ್ಚೇ ಇರ್ಲಿ ಅಂತ ನೂರ ನಲವತ್ತು ಜನಕ್ಕೆ ತಲಾ ಒಂದೊಂದು ಲೋಟ ಅಳೆದಿಟ್ಟಿದ್ದೆ." ಅವಳು ತಲೆ ತಗ್ಗಿಸಿದಳು. "ಬಿಸಿಲನ್ನ ಅಳೀಲಿಲ್ಲ."

"ಯಾಕೆ?"

ಅವಳು ಹೇಳಿದ್ದನ್ನು ಮಿಮ್ಸ್ ಬರೆದುಕೊಂಡಳು. ಉತ್ತರ ದಕ್ಷಿಣಗಳ ಅಂತರ್ಯುದ್ಧದ ಕಾಲ, 1864ರಲ್ಲಿ ಇಲ್ಲಿ ನಡೆದ ಕಾಳಗದಲ್ಲಿ ಸತ್ತ ಬಿಳಿಯ ಸಿಪಾಯಿಗಳನ್ನು ಯುದ್ಧ ಮುಗಿದ ಮೇಲೆ ಎತ್ತಿ, ಸಾಲಾಗಿ ಹೂತು, ಹೆಸರಿನ ಕಲ್ಲು ನೆಟ್ಟರು. ಉತ್ತರದ ಸೈನ್ಯಕ್ಕೆ ಸೇರಿ ಕಾದಿದ್ದ ಮೂವತ್ತೆಂಟು ಕರಿಯ ಸಿಪಾಯಿಗಳನ್ನು ಒಂದೇ ಕಂದಕಕ್ಕೆ ಹಾಕಿ ಮಣ್ಣೆಳೆದು ಹಾಗೇ ಬಿಟ್ಟರು. ಎಲ್ಲಿ ಎನ್ನುವುದೇ ಮರೆತುಹೋಗಿತ್ತು. ಐದು ವರ್ಷದ ಹಿಂದೆ ಕಾಲೇಜಿನವರು ಯಂತ್ರ ತಂದು ನೆಲ ಪರೀಕ್ಷಿಸಿದಾಗ ಜಾಗ ಗೊತ್ತಾಯಿತು. ಹಾಲಿಸ್ ಹೊಲದ ನಡುವೆ, ಓಟದ ದಾರಿಯ ಕೆಳಗೆ. ಅವರಲ್ಲೊಬ್ಬ ವೆರ್ನೆಲ್‌ಳ ಮುತ್ತಜ್ಜಿಯ ಅಣ್ಣ ಐಸೆಯಾ. ಹತ್ತೊಂಬತ್ತು ವಯಸ್ಸು.

"ಸಮಿತಿಗೆ ಹೇಳ್ಲಿಲ್ವಾ?"

"ನಾಲ್ಕು ಕಾಗದ ಬರ್ದೆ. ಸರ್ಟಿಫಿಕೇಟ್ ಆದ ದಾರಿ, ಬದಲಾಯ್ಸೋಕಾಗಲ್ಲ ಅಂದ್ರು. ಒಂದ್ಸಲ ಬ್ಲೆವಿನ್ಸ್ ನಕ್ಕೊಂಡೇ ಹೇಳ್ದ, 'ಆ ದಾರಿ ಹಾಕಿದ್ದು ನೀವೇ ಅಲ್ವಾ ಮಿಸ್ ವೆರ್ನೆಲ್' ಅಂತ." ಅವಳು ಕೈಚೀಲದ ಕೊಂಡಿಯನ್ನು ತೆಗೆದಳು, ಹಾಕಿದಳು. "ನಿಜಾನೇ. ನಾನೇ ಹಾಕಿದ್ದು. ಗೊತ್ತಿಲ್ದೆ ಹಾಕ್ದೆ. ಹತ್ತೊಂಬತ್ತನೇ ಮೈಲಿ ಮೊಳೆ ಆ ಕಂದಕದ ಮೇಲಿದೆ ಸಾರ್ಜೆಂಟ್. ಸುತ್ತಿಗೆ ತಗೊಂಡು ನಾನೇ ಹೊಡೆದದ್ದು. ನಮ್ಮೋರ ಎದೆ ಮೇಲೆ."

"ಇದನ್ನ ನಂಗೆ ಹೇಳ್ಬಹುದಿತ್ತು ನೀವು," ಎಂದಳು ಮಿಮ್ಸ್.

"ಹೇಳಿದ್ರೆ ನೀನೇನ್ ಮಾಡ್ತಿದ್ದೆ ಕಂದಾ? ಒಂದು ವರ್ಷ ಬೇರೆ ದಾರೀಲಿ ಓಡಿಸಿ ತೋರಿಸೋಣ, ಒಂದು ಗಜಾನೂ ಹೆಚ್ಚುಕಮ್ಮಿ ಆಗಲ್ಲ ಅಂತ ಗೊತ್ತಾದ್ರೆ ಒಪ್ತಾರೆ ಅಂದ್ಕೊಂಡೆ. ಮುಗಿದ ಮೇಲೆ ಹೇಳೋಳಿದ್ದೆ."

ಬೆಳಗ್ಗೆ 11.45ಕ್ಕೆ ವೆರ್ನೆಲ್ ಟಿಗ್ಸ್‌ಳನ್ನು ಬಂಧಿಸಲಾಯಿತು. ಅಜಾಗರೂಕತೆಯಿಂದ ಸಾವಿಗೆ ಕಾರಣಳಾದ ಆರೋಪ. ಕೋಳ ಹಾಕಬೇಕೆಂದು ನಿಯಮವಿದೆ. ಹಾಕಿದವಳು ಮಿಮ್ಸ್.

ವರದಿಯಲ್ಲಿ ಕಾರಣವೆಂಬ ಜಾಗ ತುಂಬಲು ಕ್ರೌಚ್ ಪೆನ್ನು ಹಿಡಿದು ಕೂತ. ಅದು ಹಗೆತನವಾಗಿರಲಿಲ್ಲ, ಯಾರ ಲಾಭಕ್ಕೂ ಆದದ್ದಲ್ಲ. ತನ್ನ ಕೈಯಿಂದಾದ ತಪ್ಪನ್ನು ಯಾರೂ ತಿದ್ದಗೊಡದಿದ್ದಾಗ, ಒಬ್ಬಳೇ ತಿದ್ದಲು ಹೋಗಿದ್ದಳು. ಎರಡು ಸಾಲು ಬರೆದು ಸಹಿ ಹಾಕಿದ. ಮುಂದಿನ ವರ್ಷವೂ ಓಟ ಹೊಲದ ದಾರಿಯಲ್ಲೇ, ಆದರೆ ತಿರುವಿನಲ್ಲಿ ಕಾವಲು ಹಾಕುತ್ತೇವೆ ಎಂದು ಅಷ್ಟರಲ್ಲಾಗಲೇ ಸಮಿತಿ ಪತ್ರಿಕೆಗೆ ಹೇಳಿಕೆ ಕೊಟ್ಟಿತ್ತು.

ಮಧ್ಯಾಹ್ನ 3.15ಕ್ಕೆ ನದೀನ್ ಬಂದಳು. ಅವಳ ಹೇಳಿಕೆಯ ಕೊನೆಯ ಹಾಳೆಗೆ ಸಹಿ ಬೇಕಿತ್ತು. ಕ್ರೌಚ್ ಎಲ್ಲವನ್ನೂ ಹೇಳಿದ.

"ಅವಳನ್ನ ನೋಡ್ಬೇಕು," ಎಂದಳು.

"ನಿಯಮ ಇಲ್ಲ ಅಮ್ಮಾ."

"ನಿಯಮ ನಿಮ್ಮ ತಲೆ ಮೇಲೆ ಹೊಯ್ಕೊಳ್ಳಿ. ನೋಡ್ಬೇಕು."

ಬಿಡಬಾರದಿತ್ತು. ಕ್ರೌಚ್ ಬಿಟ್ಟ. ಮೇಜಿನ ಎರಡು ಬದಿಗೆ ಇಬ್ಬರೂ ಕೂತರು. ಸಹಿಯ ಹಾಳೆ ನದೀನ್‌ಳ ಮುಂದಿತ್ತು. ವೆರ್ನೆಲ್ ಟೋಪಿ ತೆಗೆದಳು.

"ಅಮ್ಮಾ, ನಾನು..."

"ಬೇಡ. ಕೇಳಿದ್ದಕ್ಕೆ ಹೇಳಿ. ಹನ್ನೆರಡು ಗಂಟೆಯಿಂದ ಒಂದು ಗಂಟೆವರೆಗೆ ಎಲ್ಲಿದ್ರಿ?"

"ಹೊಲದಲ್ಲಿ. ಕುರ್ಚಿ ಹಾಕ್ಕೊಂಡು ಕೂತಿದ್ದೆ."

"ಅವನು ಇದ್ದಿದ್ದು ಇನ್ನೂರು ಗಜ ಆಚೆ. ಬಿದ್ದೋನು ಕೂಗಿರ್ತಾನೆ. ಕೂಗದೆ ಇರೋ ಗಂಡಸಲ್ಲ ಅವನು. ಕೇಳಿಸ್ಲಿಲ್ವಾ?"

ವೆರ್ನೆಲ್ ಟೋಪಿಯನ್ನು ತೊಡೆಯ ಮೇಲಿಟ್ಟಳು.

"ಹಾಡ್ತಿದ್ದೆ ಅಮ್ಮಾ."

"ಹಾಡ್ತಿದ್ರಿ?"

"ಆ ಮೂವತ್ತೆಂಟು ಜನಕ್ಕೆ. ಮಣ್ಣು ಮಾಡುವಾಗ ಅವರಿಗೆ ಯಾರೂ ಹಾಡಿರ್ಲಿಲ್ಲ. ಅವತ್ತು ಮೊದಲ ಸಲ ಯಾರ ಕಾಲೂ ಅವರ ಮೇಲೆ ಬೀಳ್ಲಿಲ್ಲ. ಸಂತೋಷ ಆಗಿತ್ತು ನಂಗೆ. ಜೋರಾಗೇ ಹಾಡ್ದೆ. ಸುಳ್ಳು ಹೇಳಲ್ಲ ನಿಮ್ಗೆ."

"ಹಂಗಾದ್ರೆ ನಿಮ್ ಹಾಡು ಅವನಿಗೆ ಕೇಳಿಸ್ತಿತ್ತು," ಎಂದಳು ನದೀನ್.

ಮಿಮ್ಸ್ ಕಿಟಕಿಯ ಕಡೆ ತಿರುಗಿದಳು. ನದೀನ್ ಸಹಿ ಹಾಕದೆ ಪೆನ್ನನ್ನು ಮೇಜಿನ ಮೇಲೆ ಇಟ್ಟು ಎದ್ದಳು, ಬಾಗಿಲು ತೆಗೆದು ಹೊರಗೆ ಹೋದಳು. ನೀರು ಕುಡಿಯಲು ಹೋಗಿರಬೇಕೆಂದು ಕ್ರೌಚ್ ಕಾದ. ಹತ್ತು ನಿಮಿಷ ಕಾದು ಹೊರಗೆ ಹೋಗಿ ನೋಡಿದ. ಅವಳ ಕಾರು ನಿಂತಿದ್ದ ಜಾಗ ಖಾಲಿಯಾಗಿತ್ತು. ಐದು ಗಂಟೆಯವರೆಗೆ ಕಾದರು. ಮರುದಿನ ಮೂರು ಸಲ ಫೋನ್ ಮಾಡಿದರು. ಅವಳು ಬರಲಿಲ್ಲ.