ಒಂದನೇ ಸ್ಕ್ರೀನಿನಲ್ಲಿ ಇಲ್ಲದ ಕೋತಿ

"ಕೋತಿ ಎಲ್ಲೇ?"

ಸೋಮವಾರ ಬೆಳಿಗ್ಗೆ ಚೂಟಿ ಶಾಲೆಯ ಗೇಟು ದಾಟುವಷ್ಟರಲ್ಲೇ ಡಬ್ಬಿ ಅಡ್ಡ ಬಂದು ನಿಂತ. ಊಟದ ಡಬ್ಬಿಯನ್ನು ಎರಡನೇ ಪೀರಿಯಡ್ಡಿಗೇ ತೆರೆದುಬಿಡುತ್ತಾನೆಂದು ಇಡೀ ಕ್ಲಾಸು ಅವನಿಗೆ ಇಟ್ಟ ಹೆಸರು ಅದು. ಇವತ್ತು ಅವನ ಮುಖದಲ್ಲಿ ಹಸಿವಿರಲಿಲ್ಲ, ಸಿಟ್ಟಿತ್ತು.

"ಯಾವ ಕೋತಿ?" ಎಂದಳು ಚೂಟಿ.

"ಹಡಗಿನ ಪಿಕ್ಚರಿನ ಕೋತಿ! ಕ್ಯಾಪ್ಟನ್ ಟೋಪಿ ಕದ್ದು ಮದುವೆಮನೆಗೆ ನುಗ್ಗುತ್ತೆ, ಮದುಮಗಳು ಆ ಟೋಪಿ ಹಾಕ್ಕೊಂಡು ಹಡಗು ಬಿಡ್ತಾಳೆ ಅಂತ ಶುಕ್ರವಾರ ಕ್ಲಾಸಲ್ಲಿ ಹೇಳಿದ್ದು ನೀನೇ ತಾನೆ?"

"ಹೌದು. ಚೆನ್ನಾಗಿತ್ತಲ್ವಾ?"

"ಏನು ಚೆನ್ನಾಗಿತ್ತು? ಕೋತಿ ಇಲ್ಲ, ಮದುವೆ ಇಲ್ಲ. ಒಬ್ಬ ಮುದುಕ ಹಡಗಿನ ಮೇಲೆ ಕುರ್ಚಿ ಹಾಕ್ಕೊಂಡು ಕೂತಿರ್ತಾನೆ. ಸಮುದ್ರ ನೋಡ್ತಾನೆ. ಟೀ ತರಿಸ್ಕೋತಾನೆ. ಮತ್ತೆ ಸಮುದ್ರ ನೋಡ್ತಾನೆ. ಇಂಟರ್ವಲ್!"

"ಇಂಟರ್ವಲ್ ಆದ್ಮೇಲೆ?"

"ಟೀ ಆರಿಹೋಗಿತ್ತು."

ಚೂಟಿ ಪಕ್ಕದಿಂದ ನುಸುಳಲು ನೋಡಿದಳು. ಡಬ್ಬಿ ಮತ್ತೆ ಅಡ್ಡ ಬಂದ.

"ನಮ್ಮಪ್ಪ ಎದ್ದು ಹೋಗೋಣ ಅಂದ್ರು. ಅಜ್ಜಿ ಬಿಡಬೇಕಲ್ಲ! ತಾಳೋ, ಕೋತಿ ಬರ್ಲಿ, ತಾಳೋ, ಕೋತಿ ಬರ್ಲಿ ಅಂತ ಕೊನೇತನಕ ಕೂರಿಸಿದ್ರು. ಕಸ ಗುಡಿಸೋರು ಬಂದ್ರೂ ಏಳಲಿಲ್ಲ. ಕೋತಿ ಯಾವಾಗಪ್ಪಾ ಬರುತ್ತೆ ಅಂತ ಅವರನ್ನೂ ಕೇಳಿದ್ರು! ನಮ್ಮಪ್ಪಂಗೆ ತಲೆ ಎತ್ತೋಕಾಗಲಿಲ್ಲ. ಬುರುಡೆ ಬಿಟ್ಟಿದ್ದೀಯ ನೀನು. ದೊಡ್ಡ ಬುರುಡೆ!"

ಆ ಮಾತು ಗೇಟಿನಿಂದ ಕ್ಲಾಸಿಗೆ ಚೂಟಿಗಿಂತ ಮೊದಲೇ ಹೋಗಿ ಕೂತಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳ ಹೆಸರು ಚೂಟಿ ಹೋಗಿ ಬುರುಡೆ ಎಂದಾಗಿತ್ತು. ಅವಳು ಹಾಜರಿಗೆ "ಪ್ರೆಸೆಂಟ್ ಮಿಸ್" ಎಂದರೆ ಹಿಂದಿನ ಬೆಂಚಿನಿಂದ "ನಿಜಾನಾ?" ಎಂಬ ಪಿಸುಮಾತು ಬಂತು. ಕಂಕುಳು ಕೆರೆದುಕೊಂಡು ಕೋತಿಯಂತೆ ಹಲ್ಲು ಕಿರಿದವರಿಗಂತೂ ಲೆಕ್ಕವಿಲ್ಲ.

ಇಷ್ಟಕ್ಕೆಲ್ಲ ಕಾರಣ ಶುಕ್ರವಾರದ ಕೊನೆಯ ಪೀರಿಯಡ್ಡು. ಶನಿವಾರ, ಭಾನುವಾರ ಮನೆಮಂದಿಯೆಲ್ಲ ಸೇರಿ ಏನು ಮಾಡಬಹುದು ಎಂದು ಆ ಹೊತ್ತಿನಲ್ಲಿ ಒಬ್ಬೊಬ್ಬರೂ ಒಂದು ಸಲಹೆ ಕೊಡಬೇಕು ಎಂದು ಮಿಸ್ಸು ನಿಯಮ ಮಾಡಿದ್ದರು. ಒಬ್ಬರು ಪಾರ್ಕಿನ ಹೊಸ ಜಾರುಬಂಡೆ ಎನ್ನುತ್ತಿದ್ದರು, ಇನ್ನೊಬ್ಬರು ಯಾವುದೋ ಪುಸ್ತಕ. ಚೂಟಿಯ ಸರದಿ ಬಂದಾಗ ಮಾತ್ರ ಎಲ್ಲರೂ ನೆಟ್ಟಗೆ ಕೂರುತ್ತಿದ್ದರು. ಅವಳ ಅಪ್ಪ ಸಿನಿಮಾ ಥಿಯೇಟರಿನಲ್ಲಿ ಪಿಕ್ಚರ್ ಬಿಡುವ ಆಪರೇಟರು. ಪಿಕ್ಚರಿನ ವಿಷಯ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ?

ಹಾಗೆಂದು ಚೂಟಿ ಥಿಯೇಟರಿಗೆ ಹೋಗುತ್ತಿದ್ದದ್ದು ಅಪರೂಪ. ರಜೆಯ ದಿನ ಅಪ್ಪನಿಗೆ ಥಿಯೇಟರಿನ ಬಾಗಿಲು ಕಂಡರೂ ಆಗದು. ಆದರೆ ಪಾಳಿ ಮುಗಿಸಿ ಮನೆಗೆ ಬಂದು, ಕೈಕಾಲು ತೊಳೆದು ಊಟಕ್ಕೆ ಕೂತನೆಂದರೆ, "ಇವತ್ತು ಒಂದು ಪಿಕ್ಚರ್ ನೋಡಿದೆ ನೋಡಿ..." ಎಂದು ಶುರು ಮಾಡುತ್ತಿದ್ದ. ಅದೇ ಆ ಮನೆಯ ಸಿನಿಮಾ. ತಮ್ಮ ತುತ್ತನ್ನು ಬಾಯಲ್ಲೇ ಮರೆಯುತ್ತಿದ್ದ. ಆಸ್ಪತ್ರೆಯಲ್ಲಿ ನರ್ಸಾಗಿರುವ ಅಮ್ಮ, ಇಡೀ ದಿನ ನಿಂತು ದುಡಿದು ಬಂದಿದ್ದರೂ, ಬಡಿಸುವ ಸೌಟು ಹಿಡಿದು ಹಾಗೇ ನಿಂತುಬಿಡುತ್ತಿದ್ದಳು.

ಹಡಗಿನ ಕತೆಯಲ್ಲಿ ಕೋತಿ ಖಂಡಿತ ಇತ್ತು. ಅಪ್ಪ ಅದರ ಹಾಗೆ ಟೋಪಿ ಎಗರಿಸಿಯೂ ತೋರಿಸಿದ್ದ.

ಸಂಜೆ ಚೂಟಿ ಮನೆಯ ದಾರಿ ಬಿಟ್ಟು ನೇರ ಥಿಯೇಟರಿಗೆ ಹೋದಳು. ಟಿಕೆಟ್ ಹರಿಯುವ ಅಂಕಲ್‌ಗೆ ಅವಳ ಗುರುತಿತ್ತು. "ಅಪ್ಪನ್ನ ನೋಡ್ಬೇಕಾ? ಹಿಂದಿನ ಮೆಟ್ಟಿಲು ಹತ್ತು. ಮೇಲೆ ಏನೂ ಮುಟ್ಬೇಡ," ಎಂದರು.

ಮೇಲೆ ಒಂದು ಉದ್ದನೆಯ, ಓಣಿಯಂಥ ಕೋಣೆ. ನಾಲ್ಕು ಯಂತ್ರಗಳು ಸಾಲಾಗಿ ನಿಂತಿದ್ದವು, ಒಂದೊಂದೂ ಫ್ರಿಜ್ಜಿಗಿಂತ ದೊಡ್ಡದು. ಒಳಗಿನ ಬಿಸಿಗಾಳಿಯನ್ನು ದಪ್ಪ ಕೊಳವೆಗಳಲ್ಲಿ ಮೇಲಕ್ಕೆ ದಬ್ಬುತ್ತಾ ಗುಂಯ್ ಎನ್ನುತ್ತಿದ್ದವು. ಪ್ರತಿ ಯಂತ್ರದ ಮುಂದಿನ ಗೋಡೆಯಲ್ಲಿ ಬೆಳಕು ಹೋಗಲು ಒಂದು ಗಾಜು, ಪಕ್ಕದಲ್ಲಿ ಕಣ್ಣಿಟ್ಟು ನೋಡಲು ಇನ್ನೊಂದು ಪುಟ್ಟ ಕಿಟಕಿ. ನಾಲ್ಕು ಯಂತ್ರಕ್ಕೆ ನಾಲ್ಕು ಹಾಲ್. ನಾಲ್ಕಕ್ಕೂ ಸೇರಿ ಅಪ್ಪ ಒಬ್ಬನೇ.

ಅಪ್ಪ ಮೊದಲನೇ ಕಿಟಕಿಯಲ್ಲಿ ಬಗ್ಗಿ ನೋಡುತ್ತಿದ್ದ. ಚಿತ್ರದ ಮೂಲೆಗಳು ಸರಿಯಾಗಿವೆಯೇ, ಅಕ್ಷರಗಳು ಚೂಪಾಗಿವೆಯೇ, ಬೆಳಕೇನಾದರೂ ಕುಂದಿದೆಯೇ. ಆಮೇಲೆ ಗಾಜು ಒರೆಸಿದ. ಎರಡನೇ ಕಿಟಕಿಗೆ ಹೋದ. ಅಲ್ಲಿಂದ ಮೂರನೆಯದಕ್ಕೆ. ಅಲ್ಲಿಂದ ತಿರುಗಿದಾಗ ಮಗಳು ಕಂಡಳು.

"ಇದೇನೇ ಇಲ್ಲಿ! ಅಮ್ಮಂಗೆ ಹೇಳಿ ಬಂದ್ಯಾ?"

"ಅಪ್ಪಾ, ಕೋತಿ ಎಲ್ಲಿ?"

"ಕೋತಿನಾ? ಈಗ ತಾನೇ ನೋಡ್ದೆ. ಬಾ." ಅಪ್ಪ ಸ್ಟೂಲು ಎಳೆದು ಅವಳನ್ನು ಮೂರನೇ ಕಿಟಕಿಗೆ ಹತ್ತಿಸಿದ. ಹೌದು, ದೂರದ ಪರದೆಯ ಮೇಲೆ ಕಾರ್ಟೂನಿನ ನೀಲಿ ಕೋತಿಯೊಂದು ಮರದಿಂದ ಮರಕ್ಕೆ ಜಿಗಿಯುತ್ತಿತ್ತು. ಮಾತು, ಸಂಗೀತ ಏನೂ ಕೇಳಿಸಲಿಲ್ಲ. ಯಂತ್ರದ ಗುಂಯ್ ಮಾತ್ರ.

ಚೂಟಿ ಸ್ಟೂಲಿನಿಂದ ಇಳಿದು, ಅದನ್ನು ತಾನೇ ಎಳೆದುಕೊಂಡು ಎರಡನೇ ಕಿಟಕಿಗೆ ಹೋದಳು. ಅಲ್ಲಿ ಮದುವೆ ನಡೆಯುತ್ತಿತ್ತು. ಒಂದನೆಯದರಲ್ಲಿ ಮುದುಕ ಕುರ್ಚಿಯಲ್ಲಿ ಕೂತು ಸಮುದ್ರ ನೋಡುತ್ತಿದ್ದ. ಟೀ ಇನ್ನೂ ಬಿಸಿಯಿತ್ತು.

"ಕೋತಿ ಮೂರನೇದ್ರಲ್ಲಿದೆ!"

"ಹೂಂ. ಜಾಣ ಕೋತಿ."

"ಕ್ಯಾಪ್ಟನ್ ಒಂದನೇದ್ರಲ್ಲಿದ್ದಾನೆ!"

"ಹೂಂ."

"ಅವರಿಬ್ಬರೂ ಭೇಟಿನೇ ಆಗಿಲ್ವಲ್ಲಪ್ಪಾ!"

ಅಪ್ಪ ಒರೆಸುವ ಬಟ್ಟೆ ಹಿಡಿದು ನಿಂತ. ಆ ವಿಚಾರ ಅವನ ತಲೆಗೆ ಬಂದೇ ಇರಲಿಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. "ಇಲ್ಲಿ ಆಗಲ್ಲ," ಎಂದ ಕೊನೆಗೆ. "ನಾನು ಬಸ್ಸಲ್ಲಿ ಮನೆಗೆ ಬರ್ತೀನಲ್ಲ, ಆವಾಗ ಆಗ್ತಾರೆ. ಒಂದೊಂದು ಕಿಟಕೀಲಿ ಚೂರು ಚೂರು ನೋಡಿರ್ತೀನಿ. ಮಿಕ್ಕಿದ್ದು ದಾರೀಲಿ ತಾನಾಗೇ ಸೇರ್ಕೊಳ್ಳುತ್ತೆ. ಯಾಕೆ?"

ಯಾಕೆಂದು ಚೂಟಿ ಹೇಳಿದಳು. ಅಜ್ಜಿಯ ವಿಷಯ, ಕಸ ಗುಡಿಸುವವರ ವಿಷಯ, ತನ್ನ ಹೊಸ ಹೆಸರಿನ ವಿಷಯ.

ಅಪ್ಪ ಸ್ಟೂಲಿನ ಮೇಲೆ ಕುಸಿದು ಕೂತ. "ನನ್ನ ಮಾತು ನಂಬ್ಕೊಂಡು ಬಂದ್ರಾ? ಪಾಪ, ವಯಸ್ಸಾದೋರು! ಛೆ. ನೀನು ಹೊರಗೆಲ್ಲ ಹೇಳ್ತೀಯ ಅಂತ ನಂಗೇನೇ ಗೊತ್ತು? ಊಟದ ಹೊತ್ತಿಗೆ ಅಂತ ಹೇಳ್ತಿದ್ದೆ."

"ಇನ್ಮೇಲೆ ನೋಡಿದ್ದು ಮಾತ್ರ ಹೇಳಪ್ಪ."

"ಆಯ್ತು ಮಗಳೇ. ನೋಡಿದ್ದು ಮಾತ್ರ."

ಅಪ್ಪ ಕೊಟ್ಟ ಮಾತಿಗೆ ತಪ್ಪುವವನಲ್ಲ. ಅದೇ ತೊಂದರೆಯಾಯಿತು.

ಮಂಗಳವಾರ ಎಲ್ಲರೂ ಊಟಕ್ಕೆ ಕೂತರು. "ಇವತ್ತು," ಎಂದ ಅಪ್ಪ, "ಒಬ್ಬ ಕಾರಿಂದ ಇಳಿದ."

"ಆಮೇಲೆ?" ತಮ್ಮ ಕಣ್ಣರಳಿಸಿದ.

"ಆಮೇಲೆ ನಾನು ಎರಡನೇ ಕಿಟಕಿಗೆ ಹೋದೆ."

"ಅಲ್ಲಿ?"

"ಅಲ್ಲಿ ಒಬ್ಬಳು ಬಾಗಿಲು ತೆಗೀತಿದ್ಲು."

"ಯಾರಿಗೆ?"

"ಗೊತ್ತಿಲ್ಲ ಪುಟ್ಟಾ. ಅಷ್ಟರಲ್ಲಿ ಮೂರನೇ ಯಂತ್ರದ ಫಿಲ್ಟರು ಕ್ಲೀನ್ ಮಾಡೋದಿತ್ತು."

"ಕಾರಿಂದ ಇಳಿದೋನಿಗೇ ಬಾಗಿಲು ತೆಗೆದಿರ್ತಾಳೆ!" ತಮ್ಮ ತಟ್ಟೆಯ ಪಕ್ಕ ಗುದ್ದಿದ.

ಅಪ್ಪನ ಬಾಯಿ ತೆರೆಯಿತು. ಚೂಟಿಯ ಕಡೆ ನೋಡಿದ. ಬಾಯಿ ಮುಚ್ಚಿತು. "ಹಾಗೆ ಹೇಳೋಕೆ ಬರಲ್ಲ. ನಾನು ನೋಡಿಲ್ಲ."

ಅಮ್ಮ ಸೌಟು ಕೆಳಗಿಟ್ಟಳು. "ಏನು ಬಂತ್ರೀ ನಿಮಗೆ?"

ಚೂಟಿಯೇ ಎಲ್ಲ ವಿವರಿಸಿದಳು. ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. "ಅದಾ! ಅದು ನಂಗೆ ಮದುವೆ ಆದ ಹೊಸದರಲ್ಲೇ ಗೊತ್ತಾಗಿತ್ತು. ಒಂದೇ ಪಿಕ್ಚರಲ್ಲಿ ಪೊಲೀಸು, ಒಂಟೆ, ಅವಳಿ ಮಕ್ಕಳು, ರಾಕೆಟ್ಟು ಎಲ್ಲಾ ಹೇಗೇ ಹಿಡಿಸುತ್ತೆ?"

"ಗೊತ್ತಿದ್ದೂ ಸುಮ್ನಿದ್ಯಾ?"

"ಮತ್ತೇನು, ಒಂಟೆ ಬೇಡ ಅನ್ನಲಾ?"

ಬುಧವಾರ ಅಪ್ಪ ಫಿಲ್ಟರಿನ ಧೂಳಿನ ಕತೆ ಹೇಳಿದ. ಧೂಳಿನ ಬಣ್ಣ ಬೂದಿ. ಗುರುವಾರ ಮನೆಯ ಗೇಟಿನ ಹತ್ತಿರ ಪಕ್ಕದ ಮನೆಯ ಟೈಲರು, "ಯಾವುದಾದ್ರೂ ಒಳ್ಳೆ ಪಿಕ್ಚರಿದ್ರೆ ಹೇಳಿ ಸಾರ್, ಭಾನುವಾರ ಹೋಗ್ತೀವಿ," ಎಂದು ಹಲ್ಲು ಗಿಂಜಿದರು. ಅಪ್ಪ ಬಹಳ ಹೊತ್ತು ಯೋಚಿಸಿ, ಕಣ್ಣಾರೆ ಕಂಡದ್ದನ್ನಷ್ಟೇ ಹೇಳಿದ: "ನಾಲ್ಕನೇದಕ್ಕೆ ಹೋಗಿ. ಎಂಥಾ ಕಪ್ಪು ಅಂತೀರಾ! ರಾತ್ರಿ ಸೀನಲ್ಲಿ ಕಪ್ಪು ಬಣ್ಣ ಕಪ್ಪಾಗೇ ಇದೆ, ಒಂಚೂರೂ ಬೂದಿ ಬಣ್ಣಕ್ಕೆ ತಿರುಗಿಲ್ಲ." ಟೈಲರು ಕತ್ತರಿ ಕಳೆದುಕೊಂಡವರಂತೆ ನೋಡುತ್ತಾ ನಿಂತರು.

ಆ ದಿನದ ಊಟದಲ್ಲಿ ಚಮಚಗಳ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ತಮ್ಮ ಎಂದಿಗಿಂತ ಬೇಗ ತಿಂದು ಮುಗಿಸಿ ಎದ್ದುಹೋದ. ಅಪ್ಪ ಆಲೂಗಡ್ಡೆಯ ತುಂಡನ್ನು ತಟ್ಟೆಯ ಈ ತುದಿಯಿಂದ ಆ ತುದಿಗೆ ತಳ್ಳುತ್ತಾ ಕೂತಿದ್ದ. ಎಲ್ಲವೂ ತಾನು ಕೇಳಿದಂತೆಯೇ ನಡೆಯುತ್ತಿದೆ, ಆದರೂ ಯಾಕೋ ಸರಿಯಿಲ್ಲ ಎನಿಸಿತು ಚೂಟಿಗೆ.

ಶುಕ್ರವಾರ ಕೊನೆಯ ಪೀರಿಯಡ್ಡಿನಲ್ಲಿ ಮಿಸ್ಸು ಅವಳ ಕಡೆ ತಿರುಗಿದಾಗ, "ಬುರುಡೆ, ಬುರುಡೆ," ಎಂಬ ಗುಸುಗುಸು ಎದ್ದಿತು.

ಚೂಟಿ ಒಂದು ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದಳು: ತಪ್ಪು ನನ್ನದಲ್ಲ, ನಮ್ಮಪ್ಪ ಹೇಳಿದ್ದೇ ಸುಳ್ಳು. ಇಷ್ಟು ಹೇಳಿದರೆ ಅವಳ ಹೆಸರು ಅವಳಿಗೆ ವಾಪಸ್ಸು ಸಿಗುತ್ತಿತ್ತು. ಆದರೆ ಎದ್ದು ನಿಂತಾಗ ಆಲೂಗಡ್ಡೆ ತಳ್ಳುತ್ತಿದ್ದ ಚಮಚ ಕಣ್ಣ ಮುಂದೆ ಬಂತು. ಅವಳು ಬೋರ್ಡಿನ ಹತ್ತಿರ ಹೋಗಿ ಸಾಲಾಗಿ ನಾಲ್ಕು ಚೌಕ ಬರೆದಳು.

"ಇದು ನಾಲ್ಕು ಕಿಟಕಿ. ನಮ್ಮಪ್ಪ ಒಬ್ಬರೇ ನಾಲ್ಕನ್ನೂ ನೋಡ್ಕೋಬೇಕು. ಒಂದರ ಮುಂದೆನೇ ನಿಂತ್ರೆ ಇನ್ನೊಂದು ಕೆಡುತ್ತೆ. ಶಬ್ದನೂ ಕೇಳಿಸಲ್ಲ. ಅವರು ಯಾವ ಪಿಕ್ಚರನ್ನೂ ಪೂರ್ತಿ ನೋಡೇ ಇಲ್ಲ. ನೋಡಿದ ಚೂರೆಲ್ಲ ಸೇರಿಸಿ ಒಂದು ಕತೆ ಮಾಡ್ತಾರೆ. ಕ್ಯಾಪ್ಟನ್ ಇಲ್ಲಿ. ಮದುಮಗಳು ಇಲ್ಲಿ. ಕೋತಿ ಇಲ್ಲಿ." ಮೂರನೇ ಚೌಕದಲ್ಲಿ ಒಂದು ಬಾಲ ಎಳೆದಳು. "ನಂಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ದೇ ನಿಮಗೆ ಹೇಳಿಬಿಟ್ಟೆ. ಸಾರಿ."

ಯಾರೋ ಕಿಸಕ್ಕೆಂದರು. ಆದರೆ ಡಬ್ಬಿ ಎದ್ದು ನಿಂತಿದ್ದ.

"ಹಾಗಾದ್ರೆ ಕೋತಿ ಇದೆ!"

"ಇದೆ. ಮೂರನೇದ್ರಲ್ಲಿ."

"ನಮ್ಮಜ್ಜಿ ವಾರದಿಂದ ಅದೇ ಹೇಳ್ತಿದ್ದಾರೆ ಮಿಸ್! ಕೋತಿ ಎಲ್ಲೋ ಇದೆ, ನಾವೇ ಸರಿಯಾಗಿ ನೋಡಿಲ್ಲ ಅಂತ!"

ಈ ಸಲ ಇಡೀ ಕ್ಲಾಸು ನಕ್ಕಿತು. ಮಿಸ್ಸು ಕೂಡ. "ಸರಿ, ಈ ವಾರ ನಿನ್ನ ಸಲಹೆ ಏನು?"

ಚೂಟಿ ಬೋರ್ಡು ನೋಡಿದಳು. "ಯಾವುದಾದ್ರೂ ಪಿಕ್ಚರ್ ಸ್ವಲ್ಪ ನೋಡಿ ನಿಲ್ಲಿಸಿಬಿಡಿ. ಮಿಕ್ಕಿದ್ದು ಊಟಕ್ಕೆ ಕೂತಾಗ ಎಲ್ಲರೂ ಸೇರಿ ಮಾಡ್ಕೊಳ್ಳಿ."

ಭಾನುವಾರ ಸಂಜೆ ಮನೆಯ ಬೆಲ್ಲಾಯಿತು. ಬಾಗಿಲಲ್ಲಿ ಡಬ್ಬಿ. ಅವನ ಹಿಂದೆ ಕೋಲೂರಿಕೊಂಡು ಅವನ ಅಜ್ಜಿ.

ಅಪ್ಪ ಗಡಬಡಿಸಿ ಎದ್ದ. "ಬನ್ನಿ ಅಮ್ಮಾ, ಬನ್ನಿ. ನಾನೇ ಬಂದು ನಿಮ್ಮ ಹತ್ರ ಕ್ಷಮೆ ಕೇಳ್ಬೇಕು ಅಂತಿದ್ದೆ."

"ಕ್ಷಮೆ ಇಟ್ಕೊಂಡು ಏನು ಮಾಡ್ಲಪ್ಪಾ," ಎನ್ನುತ್ತಾ ಅಜ್ಜಿ ಊಟದ ಮೇಜಿನ ಕುರ್ಚಿಯಲ್ಲೇ ಕೂತರು. "ಈಗ ಮೂರನೇದಕ್ಕೂ ಹೋಗಿ ಬಂದೆ. ಕೋತಿ ಇದೆ. ಆದ್ರೆ ಟೋಪಿ ಇಲ್ಲ, ಹಡಗಿಲ್ಲ, ಬರೀ ಬಾಳೆಹಣ್ಣು. ಅದಕ್ಕೆ ಬುದ್ಧೀನೂ ಕಮ್ಮಿ. ನಿನ್ನ ಕೋತೀನೇ ವಾಸಿ. ಆ ಹುಡುಗಿ ಹಡಗು ಬಿಟ್ಕೊಂಡು ಎಲ್ಲಿಗೆ ಹೋದ್ಲು, ಅದನ್ನ ಹೇಳು ಮೊದ್ಲು."

"ಅದು... ಅದು ನಾನು ನೋಡಿಲ್ಲ ಅಮ್ಮಾ."

ಅಪ್ಪ ಚೂಟಿಯ ಕಡೆ ನೋಡಿದ. ಹೋಮ್‌ವರ್ಕ್ ಮರೆತ ಹುಡುಗ ಮಿಸ್ಸನ್ನು ನೋಡುವಂತೆ ನೋಡಿದ.

"ಹೇಳಪ್ಪ," ಎಂದಳು ಚೂಟಿ.

"ನೋಡಿದ್ದು ಮಾತ್ರ ಅಂದಿದ್ಯಲ್ಲ?"

"ನೋಡಿಲ್ಲ ಅಂತ ಮೊದ್ಲೇ ಹೇಳಿಬಿಡು. ಆಮೇಲೆ ಹೇಳು."

ಅಪ್ಪ ಗಂಟಲು ಸರಿಮಾಡಿಕೊಂಡ. "ನಾನು ನೋಡಿಲ್ಲ," ಎಂದ. "ಆದ್ರೆ ಹಡಗು ಬಂದರು ಬಿಟ್ಟು ಸ್ವಲ್ಪ ದೂರ ಹೋಗಿತ್ತಷ್ಟೇ. ಒಬ್ಬ ಕಾರಿಂದ ಇಳಿದ."

"ನಂಗೊತ್ತಿತ್ತು!" ತಮ್ಮ ಕುರ್ಚಿಯ ಮೇಲೆ ಹತ್ತಿ ನಿಂತ.

ಅಮ್ಮ ಸೌಟು ಹಿಡಿದು ನಿಂತಳು. ಡಬ್ಬಿ ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ಅರ್ಧ ಕಚ್ಚಿ ಹಾಗೇ ಕೂತ. ಅಜ್ಜಿ ಕೋಲಿನ ಮೇಲೆ ಗಲ್ಲವಿಟ್ಟರು. ಅಪ್ಪ ಮಾತಿನ ನಡುನಡುವೆ ಅವರ ಮುಖ, ಇವರ ಮುಖ ನೋಡುತ್ತಿದ್ದ. ಅಜ್ಜಿಯ ಹುಬ್ಬು ಮೇಲೇರಿದರೆ ಗಾಳಿ ಜೋರಾಗುತ್ತಿತ್ತು. ತಮ್ಮ ನಕ್ಕರೆ ಕಾರಿನವನು ಇನ್ನೊಮ್ಮೆ ಜಾರಿ ಬೀಳುತ್ತಿದ್ದ.

ಆ ಪುಟ್ಟ ಕಿಟಕಿಗಳಲ್ಲಿ ತಾನು ಏನೇನು ಕಂಡೆ ಎಂದು ಚೂಟಿ ನೆನಪಿಸಿಕೊಂಡಳು. ದೂರದಲ್ಲಿ ಪರದೆ. ಅದರ ಮುಂದೆ ಸಾಲು ಸಾಲು ತಲೆಗಳು, ಎಲ್ಲವೂ ಹಿಂದಿನಿಂದ. ಯಾರು ನಕ್ಕರು, ಯಾರು ಬಾಯಿ ತೆರೆದು ಕೂತರು ಎಂಬುದು ಅಲ್ಲಿಂದ ಅಪ್ಪನಿಗೆ ಕಾಣುವುದೇ ಇಲ್ಲ.

ಅವಳು ತನ್ನ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ, ದೀಪದ ಬೆಳಕು ಮುಖದ ಮೇಲೆ ಬೀಳುವ ಕಡೆಗೆ ಎಳೆದುಕೊಂಡು ಕೂತಳು.