ಆನೆ ಬೀಳುವ ಲೆಕ್ಕ

ದೊಪಕ್!

ಆನೆ ಮತ್ತೆ ಕೆಸರಿಗೆ ಬಿತ್ತು. ಪಿಟೀಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಕ್ಕದಲ್ಲಿದ್ದ ಚಿಕ್ಕಮ್ಮ ತಲೆಯ ಮೇಲೆ ಕೈಹೊತ್ತು ಕುಳಿತಳು.

ಮಕ್ಕಳಿಗೆ ಪಾಠ ಕಲಿಸುವ ಆ್ಯಪ್ ಮಾಡುವುದು ಚಿಕ್ಕಮ್ಮನ ಕೆಲಸ. ಈ ಸಲದ್ದು ಮಗ್ಗಿ ಗೇಮ್. ಸರಿಯುತ್ತರ ಒತ್ತಿದರೆ ಆನೆ ಮರದ ದಿಮ್ಮಿಯ ಮೇಲೆ ನಡೆದು ಹಳ್ಳ ದಾಟುತ್ತದೆ, ಸೊಂಡಿಲೆತ್ತಿ ನಮಸ್ಕಾರ ಮಾಡುತ್ತದೆ. ಆಡಿ ನೋಡಲು ಅವಳಿಗೆ ಸಿಕ್ಕಿದ್ದು ಅಕ್ಕನ ಮಗಳು. ಮಗ್ಗಿ ಅಂದರೆ ಸಾಕು, ಕುಂಯ್ ಎಂದು ರಾಗ ಎಳೆಯುತ್ತಿದ್ದಳು. ಅದಕ್ಕೇ ಪಿಟೀಲು ಎಂಬ ಹೆಸರು.

"ಬೆಳಗ್ಗೆಯಿಂದ ಒಂದಾದ್ರೂ ಸರಿ ಇದೆಯೇನೇ? ನಾಳೆ ಬಾಸ್‌ಗೆ ತೋರಿಸ್ಬೇಕು. ಆಟ ಬೇರೆ, ಪಾಠ ಬೇರೆ ಅಂತ ಅವರು ಮೊದ್ಲೇ ಹೇಳಿದ್ರು. ಆನೆ ತೆಗೆದುಬಿಡ್ತೀನಿ. ಬರೀ ಪ್ರಶ್ನೆ, ಉತ್ತರ, ಮಾರ್ಕ್ಸ್."

"ಅಯ್ಯೋ, ಬೇಡ ಚಿಕ್ಕಿ!"

"ಇಟ್ಕೊಂಡು ಏನ್ಮಾಡ್ಲಿ? ಏಳೆಂಟ್ಲ ಎಷ್ಟು, ಹೇಳು."

"ಐವತ್ತೈದು." ಉತ್ತರ ಥಟ್ಟನೆ ಬಂತು.

"ಆರೊಂಬತ್ಲ?"

"ಐವತ್ಮೂರು."

"ಎಂಟೆಂಟ್ಲ?"

"ಅರವತ್ಮೂರು!"

ಆನೆಯನ್ನು ಅಳಿಸಲು ಹೊರಟಿದ್ದ ಚಿಕ್ಕಮ್ಮನ ಬೆರಳು ನಿಂತಿತು. "ಎಲ್ಲಾ ಒಂದೊಂದೇ ಕಮ್ಮಿ! ಬೇಕೂಂತ ಮಾಡ್ತಿದ್ದೀಯಾ?"

"ಮತ್ತೆ? ತುಂಬಾ ತಪ್ಪು ಒತ್ತಿದ್ರೆ ಆನೆ ಹೊರಡೋದೇ ಇಲ್ಲ. ಸರಿ ಒತ್ತಿದ್ರೆ ಹೆಡ್‌ಮಾಸ್ಟರ್ ಥರ ನೆಟ್ಟಗೆ ದಾಟ್ಬಿಡತ್ತೆ. ಬೋರು! ಒಂದೇ ಒಂದು ಕಮ್ಮಿ ಒತ್ತಿದ್ರೆ ಕೊನೇವರೆಗೂ ಹೋಗಿ, ಕಿವಿ ಪಟಪಟ ಬಡ್ದು, ಇನ್ನೇನು ದಾಟ್ತು ಅನ್ನೋವಾಗ ದೊಪಕ್! ತಲೆ ಮೇಲೆ ಕಪ್ಪೆ!"

"ಕಳ್ಳಿ! ಒಂದು ಕಮ್ಮಿ ಯಾವುದು ಅಂತ ಹೇಗೆ ಗೊತ್ತಾಗತ್ತೆ?"

"ಅಷ್ಟೂ ಗೊತ್ತಾಗಲ್ವಾ? ಮೊದ್ಲು ಸರಿ ಉತ್ತರ ಅನ್ಕೋಬೇಕು, ಆಮೇಲೆ..."

ಪಿಟೀಲು ತೆರೆದ ಬಾಯಿಗೆ ಕೈ ಮುಚ್ಚಿಕೊಂಡಳು.

ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು. "ತಪ್ಪು ನಂದೇ ಕಣೇ. ಮಜಾನೆಲ್ಲ ತಪ್ಪು ಉತ್ತರಕ್ಕೆ ಇಟ್ಟಿದ್ದೀನಿ! ಇನ್ಮೇಲೆ ಸರಿಯಾಗಿ ಹೇಳಿದವರಿಗೇ ದೊಪಕ್." ಅವಳ ಬೆರಳುಗಳು ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಟಕಟಕ ಓಡತೊಡಗಿದವು.

ಪಿಟೀಲು ಕಿಟಕಿಯ ಕಡೆ ತಿರುಗಿದಳು. ಏಳೊಂಬತ್ಲ ಅರವತ್ಮೂರು. ಒಂಬತ್ತೊಂಬತ್ಲ ಎಂಬತ್ತೊಂದು. ಕುಂಯ್ ಅನ್ನದೇ, ಮಗ್ಗಿಗಳು ತಮ್ಮಷ್ಟಕ್ಕೆ ತಲೆಯೊಳಗೆ ಬಂದು ಸಾಲಾಗಿ ನಿಂತವು.

"ಏನೇ, ಮಗ್ಗಿ ಬಂತಾ?" ಅಡುಗೆಮನೆಯಿಂದ ಅಮ್ಮ ಕೂಗಿದಳು.

ಬಂತು ಅಂದರೆ ಮುಗಿಯಿತು, ಮನೆಗೆ ಬಂದವರ ಮುಂದೆಲ್ಲ ಒಪ್ಪಿಸಬೇಕು.

"ಇಲ್ಲಮ್ಮಾ!" ಎಂದು ಪಿಟೀಲು ಅಲ್ಲಿಂದಲೇ ಕೂಗಿದಳು. ಆಮೇಲೆ ಚಿಕ್ಕಮ್ಮನ ಕಿವಿಗೆ ಬಾಯಿಟ್ಟು ಮೆಲ್ಲಗೆ ಕೇಳಿದಳು:

"ಚಿಕ್ಕೀ, ಹದಿಮೂರರ ಮಗ್ಗಿಗೆ ಯಾವ ಪ್ರಾಣಿ ಬೀಳತ್ತೆ?"